ಒಡಲಿಗೂ ಸೆರಗಿಗೂ ಕೊಂಡಿ ಬೀಳಬೇಕು

2024ರ ಆಗಸ್ಟ್ 8, ಗುರುವಾರ. ಮರುದಿನ ನಾಗರ ಪಂಚಮಿ. ಬಾಗಲಕೋಟೆಯ ನವನಗರದಿಂದ ಬಸ್ಸು ಹತ್ತಿ, ಹುನಗುಂದ ದಾಟಿ ಇಳಕಲ್‌ನ ತವರುಮನೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮ ಓಣಿಗೆ ತಿರುಗಿದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಅವತ್ತು ಎಲ್ಲರ ಮನೆಯ ಸದ್ದೂ ಇತ್ತು, ನಮ್ಮ ಮನೆಯದೊಂದು ಇರಲಿಲ್ಲ.

ತಮ್ಮನ ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದು ಕೈ ಹಿಡಿದಳು. "ಸೋಮವಾರದಿಂದ ಮಗ್ಗಕ್ಕ ಇಳದಿಲ್ರೀ ಅಕ್ಕಾರ. ಕೇಳಿದ್ರ ಮೈಯಾಗ ಆರಾಮಿಲ್ಲ ಅಂತಾರ, ದವಾಖಾನಿಗೂ ಬರವಲ್ರು" ಅಂದಳು. ತಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಪಂಚಮಿಗೆ ಬಂದ ಅಕ್ಕನನ್ನು ನೋಡಿದರೂ ಏಳಲಿಲ್ಲ. ಅವನು ಬಾಯಿ ಬಿಟ್ಟದ್ದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಮಾಳಿಗೆಯ ಮೇಲೆ. "ಅಕ್ಕಾ, ರೇಷ್ಮಿ ರೊಕ್ಕ ಹೋತು. ತಪ್ಪು ನಂದ ಐತಿ. ಯಾರ ಮುಂದನೂ ಹೇಳಬ್ಯಾಡ."

3,40,000 ರೂಪಾಯಿ. ಶ್ರಾವಣದ ಸೀರೆಗಳಿಗೆ ಬೇಕಾದ ನೂಲು ತರಲು ಕೂಡಿಟ್ಟ ಹಣ, ಅದರಲ್ಲಿ ಅರ್ಧ ಸಾಲದ್ದು. ಸೋಮವಾರ ಬೆಳಗ್ಗೆ ಒಂದು ಫೋನು ಬಂದಿದೆ. ನಿನ್ನ ಆಧಾರ್ ಮೇಲೆ ಮುಂಬೈಯಲ್ಲಿ ಒಂದು ಪಾರ್ಸೆಲ್ ಸಿಕ್ಕಿದೆ, ಅದರಲ್ಲಿ ಮಾದಕ ವಸ್ತು ಇದೆ ಅಂದಿದ್ದಾರೆ. ಆಮೇಲೆ ವಿಡಿಯೊ ಕರೆ. ಖಾಕಿ ಸಮವಸ್ತ್ರದ ಮನುಷ್ಯ, ಹಿಂದೆ ಬಾವುಟ, ಕೋರ್ಟಿನ ಮುದ್ರೆ ಇರುವ ಕಾಗದ. ಫೋನನ್ನು ಮಗ್ಗದ ಕಟ್ಟೆಗೆ ಆನಿಸಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ನನ್ನ ತಮ್ಮ ಸುಮಾರು ಆರು ತಾಸು ಅವರ ಕಣ್ಣ ಮುಂದೆ ಕೂತಿದ್ದಾನೆ. ನೀರು ಕುಡಿಯಲಿಕ್ಕೂ ಅಪ್ಪಣೆ ಕೇಳಿದ್ದಾನೆ. ಸೊಲ್ಲಾಪುರ, ಮುಂಬೈ ಪೇಟೆಗಳಲ್ಲಿ ಸೀರೆ ಮಾರಿ ಕಲಿತ ಹಿಂದಿ ಅವನದು. ದರ ಕೂಡಿಸಲು ಸಾಲುತ್ತದೆ, ಪೊಲೀಸರಿಗೆ ಎದುರುತ್ತರ ಕೊಡಲು ಸಾಲದು. ಮನೆಯವರಿಗೆ ಹೇಳಿದರೆ ಅವರ ಹೆಸರನ್ನೂ ಸೇರಿಸುತ್ತೇವೆ ಅಂದಾಗ ಮಗಳ ಮುಖ ಕಣ್ಣ ಮುಂದೆ ಬಂತಂತೆ. "ಖಾತೆ ತಪಾಸಣೆ ಮಾಡಿ ತಿರುಗಿ ಹಾಕುತ್ತೇವೆ" ಅಂದ ಮಾತು ನಂಬಿ ಎರಡು ಸಲಕ್ಕೆ ಅಷ್ಟೂ ಹಣ ಕಳಿಸಿದ್ದಾನೆ.

ನಾನು 37 ವರ್ಷ ಬ್ಯಾಂಕಿನಲ್ಲಿ ದುಡಿದವಳು. 1983ರಲ್ಲಿ ಸೇರಿದಾಗ ಮೊಳಕೈ ಉದ್ದದ ಲೆಡ್ಜರು, ಹಿತ್ತಾಳೆಯ ಟೋಕನ್ನು. ಹುನಗುಂದ, ಬಾದಾಮಿ, ಬಾಗಲಕೋಟೆ ಸುತ್ತಿ 2020ರಲ್ಲಿ ನಿವೃತ್ತಳಾಗುವಾಗ ಬ್ಯಾಂಕು ಜನರ ಅಂಗೈಗೆ ಬಂದಿತ್ತು. ತಮ್ಮ ಅಳುವಾಗಲೂ ನನ್ನ ಬಾಯಿಂದ ಬಂದ ಮೊದಲ ಮಾತು ಸಮಾಧಾನದ್ದಲ್ಲ. "ಎಷ್ಟು ಗಂಟೆಕ್ಕ ಕಳಿಸಿದಿ?" ಅಂತ ಕೇಳಿದೆ. ಮಧ್ಯಾಹ್ನ ಎರಡು ನಲವತ್ತಕ್ಕೆ ಮೊದಲನೆಯದು, ಮೂರು ಗಂಟೆಗೆ ಎರಡನೆಯದು. ಸೋಮವಾರದ್ದು. ನಾವು ಕೂತಿದ್ದು ಗುರುವಾರ ರಾತ್ರಿ.

ಆ ಮೂರು ದಿನದ ಲೆಕ್ಕ ಓದುಗರಿಗೆ ತಿಳಿಯಬೇಕು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅಲ್ಲಿಯವರು ನಿಮ್ಮ ಬ್ಯಾಂಕು, ವಹಿವಾಟಿನ ಸಂಖ್ಯೆ, ಹೊತ್ತು, ಮೊತ್ತ ಕೇಳಿ ಬ್ಯಾಂಕುಗಳೆಲ್ಲ ಕೂಡಿಕೊಂಡಿರುವ ಒಂದು ಜಾಲಕ್ಕೆ ಹಾಕುತ್ತಾರೆ. ಹಣ ಹೋದ ಖಾತೆಯಲ್ಲಿ ಉಳಿದಿದ್ದರೆ ಆ ಬ್ಯಾಂಕು ಅದನ್ನು ಅಲ್ಲೇ ತಡೆಹಿಡಿಯುತ್ತದೆ. ಮುಂದೆ ಸರಿದಿದ್ದರೆ ಆ ಮುಂದಿನ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಕಳ್ಳರಿಗೂ ಇದು ಗೊತ್ತು. ಅದಕ್ಕೇ ಬಂದ ಹಣವನ್ನು ಐದು ಖಾತೆಗೆ, ಆ ಐದರಿಂದ ಇಪ್ಪತ್ತಕ್ಕೆ ಹಂಚುತ್ತಾರೆ. ಕೊನೆಗೆ ಎಲ್ಲೋ ದೂರದ ಎಟಿಎಂನಲ್ಲಿ ನೋಟಾಗುತ್ತದೆ, ಇಲ್ಲವೇ ಕ್ರಿಪ್ಟೊ ಆಗುತ್ತದೆ. ಮೊದಲ ಒಂದು ತಾಸಿನಲ್ಲಿ ಕರೆ ಹೋದರೆ ದೊಡ್ಡ ಪಾಲು ಉಳಿಯುವ ಸಾಧ್ಯತೆ ಇದೆ. ಮೂರು ದಿನದ ಮೇಲೆ ಉಳಿಯುವುದು ಹೆಚ್ಚಾಗಿ ದಾಖಲೆ ಮಾತ್ರ. ನಮ್ಮ ಪಾಲಿಗೆ ಕೊನೆಯ ಒಂದು ಖಾತೆಯಲ್ಲಿ 41,000 ರೂಪಾಯಿ ತಡೆದು ನಿಂತಿತ್ತು. ಅದನ್ನು ಬಿಡಿಸಿಕೊಳ್ಳಲು ವಕೀಲರನ್ನು ಹಿಡಿದು ಕೋರ್ಟಿನ ಆದೇಶ ತರುವ ಹೊತ್ತಿಗೆ ಮುಂದಿನ ಯುಗಾದಿ ಬಂದಿತ್ತು.

ಆ ರಾತ್ರಿ 1930ಕ್ಕೆ ಕರೆ ಮಾಡಿ, ನನ್ನ ಫೋನಿನಲ್ಲಿ ದೂರನ್ನು ಇಂಗ್ಲಿಷಿನಲ್ಲಿ ನಾನೇ ತುಂಬಿದೆ. ತಮ್ಮನಿಗೆ ಅದು ಆಗುತ್ತಿರಲಿಲ್ಲ. ಬೆಳಗ್ಗೆ, ಊರೆಲ್ಲ ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ, ನಾವಿಬ್ಬರೂ ಕಾಗದ ಹಿಡಿದು ಒಂದು ಪೊಲೀಸ್ ಠಾಣೆಯ ಬಾಗಿಲು ತಟ್ಟಿದೆವು. ಇದು ಇಲ್ಲಿ ಆಗುವುದಲ್ಲ, ಸೈಬರ್‌ನವರ ಹತ್ತಿರ ಹೋಗಿ ಅಂದರು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಫೋನಿನಿಂದ ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು ಅನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಗಿ ಅಂದಿಗೆ ನಲವತ್ತು ದಿನವಾಗಿತ್ತು. ಹೇಳಿದವರು ಕೆಟ್ಟವರಲ್ಲ. ಅವರಿಗೆ ಇದನ್ನು ಯಾರೂ ಕೈ ಹಿಡಿದು ಕಲಿಸಿರಲಿಲ್ಲ, ಅಷ್ಟೇ.

ಈಗ ಆ ದಿನಗಳನ್ನೇ ಇನ್ನೊಂದು ಕಡೆಯಿಂದ ನೋಡಿ. ಜುಲೈ 31ರಂದು ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಯ ಕಂಪ್ಯೂಟರುಗಳಿಗೆ ಕಡತ ಒತ್ತೆ ಹಿಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕಿದ್ದು ಬಯಲಾಯಿತು. ಸಣ್ಣ ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಕಂಪನಿ ಅದು. ರೋಗ ಹರಡಬಾರದೆಂದು ರಾಷ್ಟ್ರೀಯ ಪಾವತಿ ನಿಗಮ ಅದನ್ನು ಜಾಲದಿಂದ ಕತ್ತರಿಸಿ ಇಟ್ಟಿತು. ದೇಶದಾದ್ಯಂತ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಮರುದಿನವೇ ಸರಿಯಾಯಿತು. ಅದೇ ಮರುದಿನ, ಆಗಸ್ಟ್ 1ರಂದು, ಬೆಂಗಳೂರಿನಲ್ಲಿ ಕರ್ನಾಟಕ ಸೈಬರ್ ಭದ್ರತಾ ನೀತಿ 2024 ಬಿಡುಗಡೆಯಾಯಿತು. ಐದು ವರ್ಷಕ್ಕೆ ಸುಮಾರು 103.87 ಕೋಟಿ ರೂಪಾಯಿಯ ಯೋಜನೆ. ಬ್ಯಾಂಕಿನವಳ ಚಟ, ನಾನು ಭಾಗಾಕಾರ ಮಾಡಿದೆ: 2011ರ ಜನಗಣತಿಯ ತಲೆಗಳಿಗೆ ಹಂಚಿದರೆ ಒಬ್ಬರಿಗೆ ವರ್ಷಕ್ಕೆ ಮೂರು ರೂಪಾಯಿ ಚಿಲ್ಲರೆ. ಅದಾಗಿ ನಾಲ್ಕನೇ ದಿನ ನನ್ನ ತಮ್ಮ ಬಾಗಿಲು ಹಾಕಿಕೊಂಡು ಕೂತ.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾಗಿದ್ದು ಬೆಂಗಳೂರಿನಲ್ಲೇ, 2001ರಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದು ಆಗ ಇನ್ನೂ ಒಂದು ವರ್ಷ. 2004ರಲ್ಲಿ ದೆಹಲಿಯಲ್ಲಿ ಸರ್ಟ್-ಇನ್ ಹುಟ್ಟಿತು. ಕಂಪ್ಯೂಟರು ಜಾಲಗಳಿಗೆ ದಾಳಿಯಾದರೆ ಓಡಿ ಬರುವ ಅಗ್ನಿಶಾಮಕ ದಳದ ಹಾಗೆ ಅದು. 2013ರ ಜುಲೈ 2ರಂದು ಮೊದಲ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಹೊರಬಂತು. ಅಮೆರಿಕದ ಕಣ್ಗಾವಲಿನ ಗುಟ್ಟನ್ನು ಸ್ನೋಡೆನ್ ಬಯಲಿಗಿಟ್ಟು ತಿಂಗಳೂ ಆಗಿರಲಿಲ್ಲ. ಐದು ವರ್ಷದಲ್ಲಿ 5 ಲಕ್ಷ ಪರಿಣತರನ್ನು ತಯಾರು ಮಾಡುತ್ತೇವೆ ಅಂತ ಅದರಲ್ಲಿತ್ತು. ವಿದ್ಯುತ್ ಜಾಲ, ರೈಲು, ಬ್ಯಾಂಕು, ದೂರಸಂಪರ್ಕದಂಥ ಜೀವನಾಡಿಗಳನ್ನು ಕಾಯಲು ಪ್ರತ್ಯೇಕ ಕೇಂದ್ರ ಬೇಕು ಅಂದಿತು. 2014ರಲ್ಲಿ ಅದೂ ಆಯಿತು.

ಆ ನೀತಿ ಬರೆದವರ ಕಣ್ಣ ಮುಂದೆ ಇದ್ದದ್ದು ಕೋಟೆ. ಶತ್ರು ಹೊರಗೆ, ಭಂಡಾರ ಒಳಗೆ, ನಡುವೆ ಗೋಡೆ. ತಪ್ಪು ಹೇಳಲಾಗದು, ಆಗಿನ ಕಾಲ ಹಾಗಿತ್ತು. 2013ರಲ್ಲಿ ನಾನಿದ್ದ ಶಾಖೆಯಲ್ಲಿ ಮೊಬೈಲ್ ಬ್ಯಾಂಕಿಂಗ್ ಅರ್ಜಿ ಕೊಟ್ಟವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಯುಪಿಐ ಬಂದದ್ದು 2016ರಲ್ಲಿ. ಅದೇ ವರ್ಷ ಅಗ್ಗದ ಇಂಟರ್ನೆಟ್ಟು, ಅದೇ ನವೆಂಬರಿನಲ್ಲಿ ನೋಟು ರದ್ದು. ಮೂರೂ ಕೂಡಿ ಬಂದು ನಮ್ಮ ಕಡೆಯ ಜನರನ್ನು ಒಂದೇ ವರ್ಷದಲ್ಲಿ ಆಚೆ ದಡಕ್ಕೆ ದಾಟಿಸಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೆಂಡು ಬತ್ತಾಸು, ಬಳೆ ಮಾರುವವರು ಹಣ ಬಂತೋ ಇಲ್ಲವೋ ಅಂತ ಪೆಟ್ಟಿಗೆಯ ಧ್ವನಿಗೆ ಕಿವಿ ಕೊಟ್ಟು ಕೂರುತ್ತಾರೆ ಅಂತ 2013ರಲ್ಲಿ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಭಂಡಾರ ಈಗ ಕೋಟೆಯೊಳಗಿಲ್ಲ. ಅಂಗಿಯ ಕಿಸೆಯಲ್ಲಿದೆ, ಸೆರಗಿನ ಗಂಟಿನಲ್ಲಿದೆ. ಕಾಯುವ ನೀತಿ ಮಾತ್ರ ಅದೇ 2013ರದು. 2020ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿಯವರು ಹೊಸ ಸೈಬರ್ ಭದ್ರತಾ ನೀತಿ ಬೇಗ ಬರುತ್ತದೆ ಅಂದರು. ಆಗ ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕರಾಗಿದ್ದ ನಿವೃತ್ತ ಲೆಫ್ಟಿನೆಂಟ್ ಜನರಲ್ ರಾಜೇಶ್ ಪಂತ್ ಅವರ ಮುಂದಾಳತನದಲ್ಲಿ ಕರಡೂ ತಯಾರಾಯಿತು. ಜನರ ಕೈಗೆ ಅದು ಬರಲಿಲ್ಲ.

ಇಡಿಯಾಗಿ ಬಾರದೆ ಬಿಡಿಬಿಡಿಯಾಗಿ ಬಂದಿದೆ. 2020ರಲ್ಲಿ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ, 2021ರಲ್ಲಿ ಸಹಾಯವಾಣಿ, 2022ರ ಏಪ್ರಿಲ್‌ನಲ್ಲಿ ದಾಳಿ ಗಮನಕ್ಕೆ ಬಂದ ಆರು ತಾಸಿನೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ಆದೇಶ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ. ಬ್ಯಾಂಕುಗಳ ಜಾಲತಾಣಗಳೆಲ್ಲ ಬ್ಯಾಂಕ್ ಡಾಟ್ ಇನ್ ಹೆಸರಿಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ ಕೊನೆಯ ಗಡುವು ಹಾಕಿತು. ಒಂದೊಂದೂ ಒಳ್ಳೆಯ ಕೆಲಸ. ಆದರೂ 2024 ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ಮೋಸಕ್ಕೆ ಕಳೆದುಕೊಂಡದ್ದು ಸುಮಾರು 22,845 ಕೋಟಿ ರೂಪಾಯಿ ಅಂತ ಸರಕಾರವೇ ಸಂಸತ್ತಿಗೆ ಹೇಳಿದೆ. ಅದರ ಹಿಂದಿನ ವರ್ಷ 7,465 ಕೋಟಿ. ಸಹಾಯವಾಣಿ ಶುರುವಾದ ದಿನದಿಂದ 2025ರ ನಡುವಿನವರೆಗೆ ಒಟ್ಟು ಉಳಿಸಿದ್ದು 5,489 ಕೋಟಿ.

ಇಳಕಲ್ ಸೀರೆ ನೇಯುವುದನ್ನು ಹತ್ತಿರದಿಂದ ನೋಡಿದವರಿಗೆ ಇಲ್ಲಿ ಕೆಟ್ಟಿದ್ದು ಏನು ಅನ್ನುವುದು ಥಟ್ಟನೆ ಹೊಳೆಯುತ್ತದೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ರೇಷ್ಮೆಯದು. ಎರಡನ್ನೂ ಕೂಡಿಸುವುದು ಕೊಂಡಿ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ, ಒಂದಾದ ಮೇಲೆ ಒಂದು, ಸಾವಿರಾರು ಎಳೆ. ನಮ್ಮವ್ವ ಒಂದು ಕಡೆ, ಅಪ್ಪ ಇನ್ನೊಂದು ಕಡೆ ಕೂತು ಮಾಡುತ್ತಿದ್ದರು. ಕಣ್ಣು ನೀರೂರುವ ಕೆಲಸ. ಕೊಂಡಿ ಬೀಳದ ಎಳೆ ಲಾಳಿ ಓಡುವಾಗ ಜಗ್ಗಿಕೊಂಡು ಬರುತ್ತದೆ, ಒಡಲೂ ಸೆರಗೂ ಎಷ್ಟೇ ಚಂದವಿದ್ದರೂ ಅಲ್ಲಿ ಬಾಯಿ ಬಿಡುತ್ತದೆ. ದೇಶದ ಸೈಬರ್ ಭದ್ರತೆಯ ಒಡಲು ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಗಟ್ಟಿಯಾಗಿಯೇ ನೇಯ್ದಿದ್ದಾರೆ. ಸೆರಗು ಹುನಗುಂದದಲ್ಲಿದೆ, ಬಾದಾಮಿಯಲ್ಲಿದೆ, ಇಳಕಲ್‌ನ ನಮ್ಮ ಓಣಿಯಲ್ಲಿದೆ. ಮುಂದಿನ ರಾಷ್ಟ್ರೀಯ ನೀತಿಯ ಮೊದಲ ಕೆಲಸ ಕೊಂಡಿ ಹಾಕುವುದು. ನನ್ನ ಮಾತೆಲ್ಲ ಇಷ್ಟೇ.

ಎಲ್ಲೆಲ್ಲಿ ಎಳೆ ಬಿಟ್ಟಿದೆ ಅಂತ ನಾನು ಕಂಡಷ್ಟು ಹೇಳುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ಈ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಮೊದಲು ಡಿವೈಎಸ್ಪಿ ಅಂತಿತ್ತು, 2009ರಲ್ಲಿ ಇಷ್ಟಕ್ಕೆ ಇಳಿಯಿತು. ವರ್ಷಕ್ಕೆ ಬೆರಳೆಣಿಕೆಯ ಪ್ರಕರಣ ಬರುತ್ತಿದ್ದ ದಿನಗಳಲ್ಲಿ ಅದು ಎಚ್ಚರಿಕೆಯ ನಿಯಮ. ಪಿಎಸ್‌ಐಗಳೇ ನಡೆಸುವ ಠಾಣೆಗಳೇ ಹೆಚ್ಚಿರುವ ಹಳ್ಳಿಗಾಡಿನಲ್ಲಿ ಇವತ್ತು ಅದು ಬಾಗಿಲಿಗೆ ಅಡ್ಡ ಇಟ್ಟ ಕಲ್ಲು. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡುವ ಸಿಇಎನ್ ಠಾಣೆ ಜಿಲ್ಲೆಗೊಂದು ಇದೆ, 2025ರಲ್ಲಿ ರಾಜ್ಯ ಸರಕಾರ ಸೈಬರ್ ಕಮಾಂಡ್ ಅಂತ ಪ್ರತ್ಯೇಕ ಘಟಕ ಮಾಡಿ ಆ ಠಾಣೆಗಳನ್ನು ಅದರಡಿ ತಂದಿದೆ. ಸ್ವಾಗತ. ಇಳಕಲ್‌ನಿಂದ ಬಾಗಲಕೋಟೆಗೆ ಅರವತ್ತು ಕಿಲೋಮೀಟರಿಗೂ ಮೇಲೆ. ಹಣ ಹಾರಿಹೋಗುವ ಒಂದು ತಾಸಿನಲ್ಲಿ ಬಸ್ಸು ಹುನಗುಂದ ದಾಟಿ ಅರ್ಧ ದಾರಿ ಮುಟ್ಟಿರುತ್ತದೆ.

ಇನ್ನು ನಾನೇ ದುಡಿದ ಬ್ಯಾಂಕುಗಳ ಮಾತು. ಗ್ರಾಹಕನಿಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ, ತಪ್ಪು ಅವನದೂ ಅಲ್ಲ ಬ್ಯಾಂಕಿನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವನಿಗೆ ನಷ್ಟವಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಕೌಂಟರಿನ ಪಕ್ಕದ ಫಲಕಕ್ಕೆ ಅದನ್ನು ಅಂಟಿಸಿದವಳು ನಾನೇ. ಆದರೆ ಹೆದರಿಸಿ, ಬೆದರಿಸಿ, ಗ್ರಾಹಕನ ಕೈಯಿಂದಲೇ ಒತ್ತಿಸಿದ ಹಣಕ್ಕೆ ಆ ರಕ್ಷಣೆ ಇಲ್ಲ. "ನೀವೇ ಕಳಿಸಿದ್ದೀರಿ" ಅಂದರೆ ಮುಗಿಯಿತು. ಚಾಕು ತೋರಿಸಿ ಕಿಸೆ ಬಿಚ್ಚಿಸಿದವನನ್ನು ಕಳ್ಳ ಅನ್ನುತ್ತೇವೆ, ಕಿಸೆ ಬಿಚ್ಚಿದವನನ್ನು ದಾನಿ ಅನ್ನುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ಮೋಸಕ್ಕೂ 85,000 ಪೌಂಡಿನವರೆಗೆ ಬ್ಯಾಂಕುಗಳೇ ತುಂಬಿಕೊಡಬೇಕು. ಹಣ ಕಳಿಸಿದ ಬ್ಯಾಂಕು ಅರ್ಧ, ಹಣ ಪಡೆದ ಬ್ಯಾಂಕು ಅರ್ಧ. ಆ ಎರಡನೆಯ ಅರ್ಧದಲ್ಲಿ ಗುಟ್ಟಿದೆ. ಕಳ್ಳನ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ನೋವು ತಟ್ಟಿದರೆ ಖಾತೆ ತೆರೆಯುವಾಗ ಮನುಷ್ಯನ ಮುಖ ನೋಡುತ್ತಾರೆ.

ಖಾತೆಗಳು ಎಲ್ಲಿಂದ ಬರುತ್ತವೆ? ದೂರದಿಂದ ಮಾತ್ರ ಅಂದುಕೊಂಡಿದ್ದೆ. ನಿವೃತ್ತಿಗೆ ಮುಂಚಿನ ವರ್ಷ ನಮ್ಮ ಶಾಖೆಗೆ ಒಬ್ಬ ಡಿಗ್ರಿ ಓದುವ ಹುಡುಗ ಬಂದ. ಶೂನ್ಯ ಶಿಲ್ಕಿನ ಖಾತೆ, ಹತ್ತು ದಿನದಲ್ಲಿ ಆರು ಲಕ್ಷ ಬಂದು ಹೋಗಿತ್ತು. ಕೇಳಿದರೆ ಗೆಳೆಯನಿಗೆ ಎಟಿಎಂ ಕಾರ್ಡು, ಸಿಮ್ಮು ಕೊಟ್ಟಿದ್ದೆ, ತಿಂಗಳಿಗೆ 5,000 ಕೊಡುತ್ತೇನೆ ಅಂದಿದ್ದ ಅಂದ. ಅವನ ಅಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿಯುವವರು. ಇಂಥ ಬಾಡಿಗೆ ಖಾತೆಯನ್ನು ಯಂತ್ರಬುದ್ಧಿಯಿಂದ ಪತ್ತೆ ಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಮ್ಯೂಲ್ ಹಂಟರ್ ಅನ್ನುವ ತಂತ್ರಾಂಶ ಮಾಡಿದೆ. ಅದು ಎಲ್ಲ ಬ್ಯಾಂಕಿಗೂ, ಪುಟ್ಟ ಪಟ್ಟಣ ಸಹಕಾರಿ ಬ್ಯಾಂಕಿಗೂ ಬರಲಿ. ಜೊತೆಗೆ ಪಿಯುಸಿ ತರಗತಿಯಲ್ಲಿ ಒಂದು ಮಾತು ನೇರವಾಗಿ ಹೇಳಬೇಕು: ಖಾತೆ ಬಾಡಿಗೆಗೆ ಕೊಟ್ಟವನು ಆ ಕಳವಿನ ಪಾಲುದಾರ. ಆ ಹುಡುಗನಿಗೆ ಅದು ನಿಜಕ್ಕೂ ಗೊತ್ತಿರಲಿಲ್ಲ.

ಸರಕಾರವೂ ತನ್ನ ಕೈಯಲ್ಲಿರುವ ಜನರ ಗುರುತನ್ನು ಕಾಯಬೇಕು. ಹುನಗುಂದದ ಶಾಖೆಯಲ್ಲಿದ್ದಾಗ ಹೆಬ್ಬೆಟ್ಟಿನ ಖಾತೆದಾರರು ಬಂದರೆ ಶಾಯಿಯ ಪ್ಯಾಡು ಹಿಡಿದು ನಾನೇ ಹೊರಗೆ ಬರುತ್ತಿದ್ದೆ. ಗುರುತಿನವರೊಬ್ಬರ ಸಾಕ್ಷಿ ಬೇಕಿತ್ತು. ಕಳೆ ಕಿತ್ತು, ಶೇಂಗಾ ಹರಿದು ಸವೆದ ಬೆರಳು. ಗೆರೆ ಮೂಡುತ್ತಿರಲಿಲ್ಲ, ಒತ್ತಿ ಒತ್ತಿ ಮೂರು ಸಲ ತೆಗೆಯುತ್ತಿದ್ದೆ. ಈಗ ಆಧಾರ್ ಜೋಡಿಸಿದ ಖಾತೆಯಿಂದ ಆ ಬೆರಳೊಂದೇ ಹಣ ತೆಗೆಯುತ್ತದೆ. 2023ರಲ್ಲಿ ಮಂಗಳೂರು, ಬೆಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೆ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನೇ ಕದ್ದು ಬಳಸಿದ್ದರ ಕಡೆಗೆ ತನಿಖೆ ಬೆರಳು ತೋರಿತು. 2025ರ ಜನವರಿಯಲ್ಲಿ ಅದೇ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ದಾಳಿ ಮಾಡಿದರು. ಋಣಭಾರ ಪತ್ರ (ಇಸಿ) ತೆಗೆಸಲು, ಖರೀದಿ ಪತ್ರ ಮಾಡಿಸಲು ಬಂದ ರಾಜ್ಯದ ಜನ ಉಪನೋಂದಣಿ ಕಚೇರಿಗಳ ಮುಂದೆ ಕಾದು ಕೂತರು. ಕಳವಾದ ಮೇಲೆ ಪಾಸ್‌ವರ್ಡ್ ಬದಲಿಸಬಹುದು. ಹೆಬ್ಬೆರಳು ಬದಲಿಸಲಾಗದು.

ಕಾವಲು ಬಿಗಿಯಾಗಲಿ ಅನ್ನುವಾಗ ಕಣ್ಗಾವಲು ಬೇಡ ಅಂತಲೂ ಸೇರಿಸಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯ ಮೇಲೆ. ಎಲ್ಲ ಹೊಸ ಫೋನುಗಳಲ್ಲೂ ಸಂಚಾರ್ ಸಾಥಿ ಆ್ಯಪ್ ಇರಲೇಬೇಕೆಂದು 2025ರ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಆದೇಶಕ್ಕೆ ಜನ ವಿರೋಧ ಹೇಳಿದರು, ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡರು. ಹಿಂದೆ ತೆಗೆದುಕೊಂಡದ್ದು ಸರಿ.

ಇಷ್ಟೆಲ್ಲ ಸರಿಮಾಡಿದರೂ ಉಳಿಯುವುದೊಂದಿದೆ, ನಾಚಿಕೆ. ನನ್ನ ತಮ್ಮನ ಹಣ ಮುಳುಗಿಸಿದ್ದು ಆರು ತಾಸಿನ ಹೆದರಿಕೆಗಿಂತ ಮೂರು ದಿನದ ನಾಚಿಕೆ. ಅವನಿಗೆ 1930 ಗೊತ್ತಿರಲಿಲ್ಲ ಅಂತಲ್ಲ. ಜನ ನಗುತ್ತಾರೆ, ಸಾಲ ಕೊಟ್ಟವರು ನಾಳೆ ಬಾಗಿಲಿಗೆ ಬರುತ್ತಾರೆ ಅಂತ ಬಾಯಿ ಕಟ್ಟಿಕೊಂಡ. ಅದೇ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ, ತಮ್ಮನಿಗೆ ಆದಂಥ ಈ ಮೋಸದ, ಅಂದರೆ ಡಿಜಿಟಲ್ ಅರೆಸ್ಟ್‌ನ ಬಗ್ಗೆ ಮಾತಾಡಿ, ಅಂಥ ಒಂದು ಕರೆಯ ತುಣುಕು ಕೇಳಿಸಿದರು. ಕಳ್ಳ ಪೊಲೀಸನ ಸೋಗಿನಲ್ಲಿ ಗದರಿಸುತ್ತಿದ್ದದ್ದು ನಮ್ಮ ಪಕ್ಕದ ವಿಜಯಪುರದವರನ್ನು. ನಮ್ಮ ಜಿಲ್ಲೆ 1997ರವರೆಗೆ ಅದೇ ಜಿಲ್ಲೆಯ ಭಾಗ. ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ. ಇಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ ಅಂದರು. ತಮ್ಮನಿಗೆ ಫೋನು ಮಾಡಿ ಕೇಳಿಸಿದೆ. ಅತ್ತ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. "ಹಂಗಂದ್ರ ನಾ ಒಬ್ಬನ ಅಲ್ಲಂತೀ ಅಕ್ಕಾ?" ಅಂದ. ಅವನು ಮಗ್ಗಕ್ಕೆ ನೆಟ್ಟಗೆ ಕೂತದ್ದು ಆ ವಾರದಿಂದ. ಮುಂದೆ 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಈ ಮೋಸಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ನಾಚಿಕೆಯನ್ನು ಮನೆಯಿಂದ ಹೊರಗೆ ತರುವ ದಾರಿ ಇಳಕಲ್‌ಗೆ ಗೊತ್ತು. ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಹಿಟ್ಟು ಬೇಡಲಿಲ್ಲ, ಹಣ ಬೇಡಲಿಲ್ಲ, ನಿಮ್ಮ ದುಶ್ಚಟ ಹಾಕಿ ಅಂದರು. ಕುಡುಕ ಅಂತ ಊರು ದೂರ ಇಟ್ಟವನ ಅಂಗಳಕ್ಕೇ ಸ್ವಾಮಿಗಳು ಬಂದು ನಿಂತರೆ ಅವನ ತಲೆ ತಾನೇ ಎತ್ತುತ್ತಿತ್ತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಸೈಬರ್ ನೀತಿ ಬಿಡುಗಡೆಯಾದ ದಿನವೂ ಅದೇ. ಹೀಗಾದದ್ದು ಕಾಕತಾಳೀಯ, ನನಗೆ ಮಾತ್ರ ದಾರಿ ತೋರಿದಂತಾಯಿತು. ಆಶಾ ಕಾರ್ಯಕರ್ತೆಯರು ಪೋಲಿಯೊ ಹನಿ ಹಿಡಿದು ಮನೆ ಮನೆ ಮುಟ್ಟಿದ ದೇಶ ಇದು. ಮೋಸ ಹೋದವರ ಅಂಗಳಕ್ಕೆ ಹೋಗಿ, "ನಿಮ್ಮದು ತಪ್ಪಲ್ಲ, ಈಗಲೇ ಕರೆ ಮಾಡೋಣ" ಅನ್ನುವ ಒಬ್ಬರು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಬೇಕು. ಅವರ ಸಂಬಳ ರಾಷ್ಟ್ರೀಯ ನೀತಿಯ ಖರ್ಚಿನಲ್ಲಿ ಬರೆದಿರಬೇಕು.

ಇದು ಬೇಗ ಆಗಬೇಕು ಅನ್ನಲು ನಮ್ಮ ಜಿಲ್ಲೆಗೆ ತನ್ನದೇ ಕಾರಣವಿದೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಬೇಕಾದ ಜಮೀನಿಗೆ ಎಕರೆಗೆ ಒಣಭೂಮಿಯಾದರೆ 30 ಲಕ್ಷ, ನೀರಾವರಿಯಾದರೆ 40 ಲಕ್ಷ ಅಂತ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಮುಳುಗುವ ಭೂಮಿಯೇ 75 ಸಾವಿರ ಎಕರೆಗೂ ಮೇಲೆ. ಹಳೆ ಬಾಗಲಕೋಟೆ ಮುಳುಗಿದಾಗ ಪರಿಹಾರದ ಚೆಕ್ಕು ಹಿಡಿದು ಬಂದವರ ಕೈ ನಡುಗುವುದನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅವರ ಹಿಂದೆಯೇ ಏಜೆಂಟರು ನಿಂತಿರುತ್ತಿದ್ದರು. ಮುಖ ಕಾಣುತ್ತಿತ್ತು, ಹೊರಗೆ ಕಳಿಸಬಹುದಿತ್ತು. ಈ ಸಲ ನಾಲ್ಕು ಎಕರೆ ಒಣಭೂಮಿಯ ಮುದುಕರೊಬ್ಬರ ಖಾತೆಗೆ 1 ಕೋಟಿ 20 ಲಕ್ಷ ಬೀಳುತ್ತದೆ. ಭೂಸ್ವಾಧೀನದ ಅಧಿಸೂಚನೆಯಲ್ಲಿ ಮಾಲೀಕರ ಹೆಸರು, ಸರ್ವೆ ನಂಬರು, ಎಕರೆ ಗುಂಟೆ ಎಲ್ಲ ಅಚ್ಚಾಗುತ್ತದೆ. ಯಾರಿಗೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಲು ಸಾವಿರ ಮೈಲಿ ದೂರದ ಕಳ್ಳನಿಗೆ ಹತ್ತು ನಿಮಿಷ ಸಾಕು. ಈ ಖಾತೆಗಳಿಂದ ದೊಡ್ಡ ಮೊತ್ತ ಮೊದಲ ಸಲ ಹೊಸಬರಿಗೆ ಹೋಗುವಾಗ ಒಂದು ದಿನ ತಡೆದು, ಶಾಖೆಯವರು ಕನ್ನಡದಲ್ಲಿ ಕರೆ ಮಾಡಿ ಕೇಳುವ ನಿಯಮ ಹಣ ಬೀಳುವ ಮುಂಚೆಯೇ ಬರಬೇಕು. ಸಿಂಗಪುರದಲ್ಲಿ 2025ರ ಜುಲೈನಿಂದ ಮೋಸದ ಬಲೆಗೆ ಬಿದ್ದವರ ಖಾತೆಯನ್ನು ಪೊಲೀಸರೇ ಕೆಲಕಾಲ ತಡೆಯಬಹುದು. ನಾನು ಕೇಳುತ್ತಿರುವುದು ಅದಕ್ಕಿಂತ ಕಡಿಮೆ.

ಹೋದ ಚಳಿಗಾಲದಲ್ಲಿ ಹಿನ್ನೀರಿನ ದಂಡೆಯ ಒಂದು ಹಳ್ಳಿಗೆ, ಸ್ವಸಹಾಯ ಸಂಘದವರು ಕರೆದರೆಂದು ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಮಾತು ಮುಗಿಸಿ ಎದ್ದಾಗ ಪಟಕಾ ಸುತ್ತಿದ ಒಬ್ಬ ಹಿರಿಯರು ಹತ್ತಿರ ಬಂದರು. ಅಂಗಿಯ ಒಳಕಿಸೆಯಿಂದ ಪ್ಲಾಸ್ಟಿಕ್ ಚೀಲ, ಚೀಲದೊಳಗಿಂದ ಗುಂಡಿ ಒತ್ತುವ ಫೋನು ತೆಗೆದರು. "ಅಕ್ಕಾರ, ನಂಬರ್ ಬರದು ಕೊಟ್ರ ನನಗ ಓದಾಕ ಬರೂದಿಲ್ಲ. ಒಂದ ಗುಂಡಿ ಒತ್ತಿದ್ರ ಅಲ್ಲಿಗೇ ಹೋಗಬೇಕು, ಹಂಗ ಮಾಡಿ ಕೊಡ್ರಿ" ಅಂದರು. ಎರಡರ ಗುಂಡಿಯಲ್ಲಿ ಪುಣೆಗೆ ದುಡಿಯಲು ಹೋದ ಮಗನ ನಂಬರಿತ್ತು. ಮೂರಕ್ಕೆ 1930 ಹಾಕಿಕೊಟ್ಟೆ.